ಗಿಟಾರಿಗೊಂದು ತೆಂಗಿನ ಕತ್ತು

ಮೊನ್ನೆ ತಿಪಟೂರಿನ ಒಂದು ಮದುವೆ ಛತ್ರದಲ್ಲಿ ನನ್ನ ಮಾನ ಹೋಯಿತು. ವೇದಿಕೆಯ ಪಕ್ಕದಲ್ಲಿ ಆರ್ಕೆಸ್ಟ್ರಾ ಹುಡುಗರು ವಾದ್ಯ ಸಿದ್ಧಮಾಡಿಕೊಳ್ಳುತ್ತಿದ್ದರು. ಅವರಲ್ಲೊಬ್ಬ ತನ್ನ ಎಲೆಕ್ಟ್ರಿಕ್ ಗಿಟಾರನ್ನು ಬಂದೂಕಿನಂತೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅದರ ತಲೆಯ ಹತ್ತಿರಕ್ಕೆ ತಂದು, ಕತ್ತು ನೆಟ್ಟಗಿದೆಯೇ ಎಂದು ನೋಡತೊಡಗಿದ. ಪಾಯಸದ ಲೋಟ ಹಿಡಿದು ಆ ಕಡೆ ಹೋಗುತ್ತಿದ್ದ ನಾನು, ಮೊಮ್ಮಕ್ಕಳಿರುವ ಹೆಂಗಸು, ಇಡೀ ಛತ್ರಕ್ಕೆ ಕೇಳುವ ಹಾಗೆ "ಕಾಯಿ!" ಎಂದು ಕಿರುಚಿಬಿಟ್ಟೆ.

ಹುಡುಗ ತಾರಸಿ ನೋಡಿದ. ಆಮೇಲೆ ನನ್ನನ್ನು ನೋಡಿದ. "ಯಾವ ಕಾಯಿ ಅಜ್ಜಿ? ಅಡಿಗೆಯವ್ರು ಆ ಕಡೆ ಅವ್ರೆ, ನೋಡಿ" ಎಂದ.

ಅವನು ತೋಟದ ಕಡೆಯವನಲ್ಲ ಎಂದು ಅಲ್ಲೇ ಗೊತ್ತಾಯಿತು. ನಮ್ಮ ತೆಂಗಿನ ತೋಟಗಳಲ್ಲಿ ಮರ ಹತ್ತಿದವನು ಗೊನೆ ಕಡಿಯುವ ಮುಂಚೆ "ಕಾಯಿ!" ಎಂದು ಕೂಗುತ್ತಾನೆ. ಕೆಳಗಿರುವವರು ಮೇಲೆ ನೋಡುವ ಗೋಜಿಗೆ ಹೋಗುವುದಿಲ್ಲ. ನೋಡಿದರೆ ಕಾಯಿ ಮುಖಕ್ಕೇ ಬೀಳುತ್ತದೆ. ತಲೆ ತಗ್ಗಿಸಿ ಪಕ್ಕಕ್ಕೆ ಜಿಗಿಯುತ್ತಾರೆ. ನಡೆಯಲು ಕಲಿಯುವ ಮಕ್ಕಳಿಗೂ ಇದು ಗೊತ್ತಿರುತ್ತದೆ. ಆದರೆ ಛತ್ರದಲ್ಲಿ, ಗಿಟಾರ್ ಹಿಡಿದವನನ್ನು ನೋಡಿ ನಾನು ಯಾಕೆ ಹಾಗೆ ಕೂಗಿದೆ ಎಂದು ಮನೆಯವರು ಇನ್ನೂ ನಗುತ್ತಿದ್ದಾರೆ. ಅವರಿಗೆ ಉತ್ತರ ಹೇಳುವುದಕ್ಕೂ, ಗಿಟಾರ್ ಜೋಡಿಸುವ ಕಸುಬಿಗೆ ಈಗ ಬರುತ್ತಿರುವ ಹುಡುಗ ಹುಡುಗಿಯರ ಕಣ್ಣು ಉಳಿಯುವುದಕ್ಕೂ ಇದನ್ನು ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಬಿಎಸ್ಸಿ ಮುಗಿಸಿದ ನನಗೆ ಮೇಷ್ಟರ ಕೆಲಸ ಸಿಗಲಿಲ್ಲ. ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ನನ್ನ ಸೋದರಮಾವ ನಂಜುಂಡಯ್ಯನವರ ವಾದ್ಯದ ಅಂಗಡಿ ಇತ್ತು. ಹಾರ್ಮೋನಿಯಂ, ತಬಲಾ, ರೇಡಿಯೋ, ಎಲ್ಲಕ್ಕೂ ಅಲ್ಲಿ ರಿಪೇರಿ. "ಮನೇಲಿ ಕೂತು ಏನ್ ಮಾಡ್ತೀಯೇ ಕಮಲಿ? ನೀನು ಓದಿದ ಕರೆಂಟು ನಮ್ಮ ಅಂಗಡೀಲೂ ಐತೆ, ಬಾ" ಎಂದು ಮಾವ ಕರೆದರು. ನಾನು ಹೋದೆ. ಮೊದಮೊದಲು ಬಂದ ಗಿರಾಕಿಗಳು ನನ್ನ ಕೈಯಲ್ಲಿ ಬೆಸುಗೆ ಕಡ್ಡಿ ಹೊಗೆಯಾಡುತ್ತಿದ್ದರೂ "ಅಂಗಡಿಯವ್ರು ಇಲ್ವೇನಮ್ಮ?" ಎಂದು ನನ್ನನ್ನೇ ಕೇಳುತ್ತಿದ್ದರು. "ಇದಾರೆ, ಕೂತ್ಕೊಳಿ" ಎಂದು ಹೇಳಿ ಅವರ ಕೆಲಸ ಮುಗಿಸಿ, ಕೈಗೆ ಕೊಟ್ಟು ಕಳಿಸುತ್ತಿದ್ದೆ.

ಅದು ಊರೂರಿಗೆ ಆರ್ಕೆಸ್ಟ್ರಾ ಹುಟ್ಟುತ್ತಿದ್ದ ಕಾಲ. ಗಣಪತಿ ಕೂರಿಸಿದ ಕಡೆಯೆಲ್ಲ ಗಿಟಾರ್ ಬೇಕು, ಅದೂ ಕರೆಂಟಿನದೇ ಬೇಕು. ಹೊಸದನ್ನು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಹಾಗಾಗಿ ನಾವೇ ಮಾಡತೊಡಗಿದೆವು. ಗಿಟಾರಿನ ಮೈಯನ್ನು ಬಡಗಿ ಬಾಷಾ ಸಾಹೇಬರು ಹಲಸಿನ ಹಲಗೆಯಲ್ಲಿ ಕೊರೆಯುತ್ತಿದ್ದರು. ತಂತಿಯ ನಾದ ಹಿಡಿಯುವ ಕಾಯಿಲ್ ಸುತ್ತುವುದು ನನ್ನ ಪಾಲು. ಕತ್ತನ್ನು ಮಾತ್ರ ಬೆಂಗಳೂರಿನ ಹಳೇ ಸಾಮಾನಿನವರ ಹತ್ತಿರ, ಒಡೆದ ಗಿಟಾರುಗಳಿಂದ ಬಿಚ್ಚಿದ್ದನ್ನು ಆರಿಸಿ ತರುತ್ತಿದ್ದೆವು. ಅಂಗಡಿಯ ಬಾಗಿಲಲ್ಲಿ ಮಾವ "ಇಲ್ಲಿ ಕತ್ತು ಕೂರಿಸಲಾಗುತ್ತದೆ" ಎಂದು ಬರೆಸಿದ ಬೋರ್ಡ್ ನೋಡಿ ಮೂಳೆ ಕಟ್ಟುವವರನ್ನು ಹುಡುಕಿಕೊಂಡು ಬಂದವರೂ ಉಂಟು. ಮಾವ ಅವರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಒಬ್ಬರಿಗಂತೂ ಬಿಸಿ ಹರಳೆಣ್ಣೆ ಹಚ್ಚಿ ಕಳಿಸಿದ್ದರು.

ಮಾವನ ಗುಣವೇ ಅದು. "ಆಗಲ್ಲ" ಎನ್ನುವ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಇಲಿ ಮರಿ ಹಾಕಿದ್ದ ಹಾರ್ಮೋನಿಯಂ ತಂದರೂ "ಆಗುತ್ತೆ", ಬಾವಿಗೆ ಬಿದ್ದ ರೇಡಿಯೋ ತಂದರೂ "ಆಗುತ್ತೆ". ಆಮೇಲೆ ಆಗಿಸಬೇಕಾದವರು ಬಾಷಾ ಸಾಹೇಬರು ಮತ್ತು ನಾನು.

ಕತ್ತಿನ ವಿಷಯದಲ್ಲಿ ನಾವು ಬುದ್ಧಿ ಕಲಿತದ್ದು ತುರುವೇಕೆರೆಯ ಒಬ್ಬ ಗಿರಾಕಿಯಿಂದ. ಅವನು ಗಿಟಾರಿನ ಮೈ ಒಂದು ಕಡೆ, ಕತ್ತು ಒಂದು ಕಡೆ ಕೊಂಡು ತಂದಿದ್ದ. ಮಾವ "ಆಗುತ್ತೆ" ಎಂದರು. ಕತ್ತಿನ ಬುಡ ಮೈಯಲ್ಲಿದ್ದ ಗುಳಿಗೆ ಚೆನ್ನಾಗಿ ಕೂತಿತು. ಆದರೆ ಆ ಕತ್ತು ಬೇರೆ ಅಳತೆಯ ಗಿಟಾರಿನದು. ಬಿಡಿ ತಂತಿ ಮೀಟಿದರೆ ಸರಿಯಾದ ಸ್ವರ, ಕತ್ತಿನ ಅಡ್ಡಪಟ್ಟಿಗಳಾದ ಮೆಟ್ಟುಗಳ ಮೇಲೆ ಬೆರಳಿಟ್ಟು ಮುಂದೆ ಹೋದಂತೆಲ್ಲ ಅಪಸ್ವರ. ಮಾವ ಬೆವರು ಒರೆಸಿಕೊಂಡು, "ಇದು ಹಿಂದೂಸ್ತಾನಿ ಕಡೆ ಟ್ಯೂನು ಕಣಪ್ಪ" ಎಂದು ಅವನನ್ನು ಒಪ್ಪಿಸಿ ಕಳಿಸಿದರು. ಮಾರನೆಯ ವಾರ ಅವನು ಆರ್ಕೆಸ್ಟ್ರಾದ ಹಾಡುಗಾರನನ್ನೇ ಜೊತೆಗೆ ಕರೆತಂದ. ಹಾಡುಗಾರ ಅಂಗಡಿಯಲ್ಲಿ ಆಡಿದ ಮಾತು ಹಿಂದೂಸ್ತಾನಿಯಲ್ಲಿ ಇರಲಿಲ್ಲ. ಎಲ್ಲರಿಗೂ ಅರ್ಥವಾಯಿತು.

ಅಂದಿನಿಂದ ನಾನು ಅಳತೆಯ ಟೇಪು ಬಿಟ್ಟು ಕತ್ತು ಮುಟ್ಟಿದವಳಲ್ಲ. ಕತ್ತಿನ ಮೇಲ್ತುದಿಯಲ್ಲಿ ತಂತಿ ಹಾಯುವ ಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿನವರೆಗೆ ಎಷ್ಟಿದೆಯೋ, ಅಲ್ಲಿಂದ ಮೈಮೇಲೆ ತಂತಿ ಕೂರುವ ಕುದುರೆಯವರೆಗೂ ಅಷ್ಟೇ ಇರಬೇಕು. ಆಮೇಲೆ ನೆಟ್ಟಗಿದೆಯೇ ನೋಡಬೇಕು, ಬುಡ ಬಿರುಕು ಬಿಟ್ಟಿದೆಯೇ ನೋಡಬೇಕು. ಮೊದಲು ನಾವು ಕತ್ತನ್ನು ಬಡಗಿಗಳ ಬಿಸಿ ಅಂಟಿನಿಂದ ಕೂರಿಸುತ್ತಿದ್ದೆವು. ಬೇಸಿಗೆಯಲ್ಲಿ ಅದು ಬಿಡುತ್ತಿತ್ತು. ಆಮೇಲೆ ಹಿಂದುಗಡೆ ಉಕ್ಕಿನ ಪಟ್ಟಿ ಇಟ್ಟು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಹಾಕುವುದನ್ನು ಕಲಿತೆವು. ಮೈಯಲ್ಲಿನ ತೂತು ಸಡಿಲ, ಕತ್ತಿನ ತೂತು ಬಿಗಿ. ಸ್ಕ್ರೂಗೆ ಸ್ವಲ್ಪ ಸೋಪು ಸವರಿದರೆ ಮರ ಸೀಳುವುದಿಲ್ಲ. ಇದಿಷ್ಟೂ ಇವತ್ತಿಗೂ ಸುಳ್ಳಾಗಿಲ್ಲ.

ಹೊನ್ನವಳ್ಳಿ ಕಡೆಯ ಲೋಕೇಶ ಬಂದದ್ದು ಎಂಬತ್ತರ ನಂತರ. ಇಪ್ಪತ್ತೆರಡರ ಹುಡುಗ. ಉಗುರು ಬೆಳೆಸಿದ್ದ, ಬೆಲ್ ಬಾಟಂ ಹಾಕಿದ್ದ, ಆದರೂ ಅಪ್ಪನ ಹೆಸರು ಹೇಳುವಾಗ ಎದ್ದು ನಿಲ್ಲುತ್ತಿದ್ದ. ಗಿಟಾರ್ ನುಡಿಸುವುದು ಅವನ ಕೈಗೆ ಒಲಿದಿತ್ತು. ನಮ್ಮ ಅಂಗಡಿಯಲ್ಲಿ ಅವನು ಕೂತು ಬಾರಿಸಿದರೆ ಎದುರು ಮಂಡಿಯ ಹಮಾಲರು ಮೂಟೆ ಇಳಿಸಿ ನಿಲ್ಲುತ್ತಿದ್ದರು. ತಿಪಟೂರಿನ ಒಂದು ಆರ್ಕೆಸ್ಟ್ರಾದವರು ಅವನನ್ನು ಸೇರಿಸಿಕೊಳ್ಳಲು ಒಪ್ಪಿದ್ದರು. ಆದರೆ ಸ್ವಂತ ಗಿಟಾರ್ ತರಬೇಕು, ಗಣಪತಿ ಹಬ್ಬದೊಳಗೆ ತರಬೇಕು. ಇಲ್ಲದಿದ್ದರೆ ಅರಸೀಕೆರೆಯ ಇನ್ನೊಬ್ಬ ಕಾದಿದ್ದ. ಇತ್ತ ಅವನಪ್ಪ ಮರಿಯಪ್ಪನವರಿಗೆ ಮಗ ತೋಟ ಬಿಟ್ಟು "ತಂತಿ ಕೆರೆಯೋದು" ಸುತರಾಂ ಇಷ್ಟವಿರಲಿಲ್ಲ. ಹೇಗೋ ಅತ್ತೂ ಕರೆದೂ ಅವರನ್ನು ಒಪ್ಪಿಸಿದ್ದ. ಆದರೆ ಅವರು ಒಂದು ಷರತ್ತು ಹಾಕಿದ್ದರು.

ಆ ಷರತ್ತು ಒಂದು ದಿನ ಎತ್ತಿನ ಗಾಡಿಯಲ್ಲಿ ಅಂಗಡಿಗೇ ಬಂತು. ಒಂದಾಳುದ್ದದ ತೆಂಗಿನ ದಿಮ್ಮಿ. ಹಿಂದೆಯೇ ಮರಿಯಪ್ಪನವರು, ಹೆಗಲ ಮೇಲೆ ಟವೆಲು.

"ಇದು ಇವನು ಹುಟ್ದಾಗ ನಾನು ನೆಟ್ಟ ಮರ ಕಣಯ್ಯ. ಹೋದ್ ಮಳೇಲಿ ಸಿಡ್ಲು ಬಡ್ದು ಸುಳಿ ಸುಟ್ಟೋಯ್ತು. ಇವನ ಹೆಸರಿನ ಮರ ಒಲೆಗೆ ಇಕ್ಕಕೆ ಮನಸ್ಸು ಬರ್ಲಿಲ್ಲ. ಗಿಟಾರ್ ಮಾಡಂಗಿದ್ರೆ ಅದ್ರ ಕತ್ತು ಇದ್ರಲ್ಲೇ ಆಗ್ಬೇಕು. ಇಲ್ಲ ಅಂದ್ರೆ ಮಗ ಬಂದು ಕಾಯಿ ಸುಲೀಲಿ."

ಬಾಷಾ ಸಾಹೇಬರು ದಿಮ್ಮಿಯನ್ನು ಉಗುರಿನಿಂದ ಕೆರೆದು ನನ್ನ ಮುಖ ನೋಡಿದರು. ನಾನು ಮಾವನ ಮುಖ ನೋಡಿದೆ. ಲೋಕೇಶ ನೆಲ ನೋಡುತ್ತಿದ್ದ.

"ಮಾವ, ತೆಂಗು ಬೇಡ..." ಎಂದು ನಾನು ಶುರುಮಾಡಿದೆ.

"ಯಾಕವ್ವ ಬೇಡ?" ಮರಿಯಪ್ಪನವರೇ ತಿರುಗಿದರು. "ನಮ್ಮನೆ ತೊಲೆ ತೆಂಗಿಂದೇ. ನಮ್ ತಾತನ ಕಾಲ್ದಿಂದ ಅಟ್ಟದ ತುಂಬ ಕಾಯಿ ಹೊತ್ಕಂಡು ನಿಂತೈತೆ. ಅದು ಹೊತ್ತ ಮ್ಯಾಲೆ ಇದು ನಿನ್ನ ಆರು ತಂತಿ ಹೊರಲ್ವಾ?"

ಮಾವ ಹೇಳಿದ್ದು ಒಂದೇ ಮಾತು. ಯಾವುದೆಂದು ನಿಮಗೆ ಗೊತ್ತು.

ಬಾಷಾ ಸಾಹೇಬರ ಉಳಿಗಳೆಲ್ಲ ಮೊಂಡಾದವು. "ಇದು ಮರ ಅಲ್ಲ ಬೇಟಿ, ಪೊರಕೆ ಕಟ್ಟು" ಎಂದು ಬೈಯುತ್ತ, ಅಂಗೈಗೆ ಹೊಕ್ಕ ಸಿಬಿರು ಕೀಳುತ್ತ, ಅಂತೂ ಒಂದು ಕತ್ತು ಎಬ್ಬಿಸಿದರು. ನೋಡಲು ಬಲು ಚೆನ್ನಾಗಿತ್ತು, ಅದು ಸುಳ್ಳಲ್ಲ. ಕಪ್ಪು ಗೆರೆ, ಕಂದು ಗೆರೆ, ಹುಲಿಯ ಬೆನ್ನಿನ ಹಾಗೆ. ನಾನು ಉಳಿದ ಚೂರಿಗೆ ಒಂದು ಸ್ಕ್ರೂ ಹಾಕಿ ಇಕ್ಕಳದಲ್ಲಿ ಎಳೆದು ನೋಡಿದೆ. ರವೆಯಂಥ ಪುಡಿ ಸಮೇತ ಬಂದುಬಿಟ್ಟಿತು. ಅದನ್ನು ಮಾವನ ಮುಂದೆ ಹಿಡಿದೆ.

"ಉದ್ದನೇ ಸ್ಕ್ರೂ ಹಾಕೇ" ಎಂದರು.

"ಮಾವ, ಉದ್ದದ ಮಾತಲ್ಲ ಇದು. ಮರವೇ ಹಿಡೀತಿಲ್ಲ."

"ಬಿಎಸ್ಸಿ ಓದ್ದೋರೆಲ್ಲ ಇಷ್ಟು ಹೆದರ್ತಾರಾ? ಉದ್ದನೇದು ಹಾಕು ಕಣೇ. ಪಾಪ, ಆ ಹುಡುಗನ ಮುಖ ನೋಡು."

ಉದ್ದದ ಸ್ಕ್ರೂ ಹಾಕಿದೆವು. ತಂತಿ ಕಟ್ಟುವ ದಿನ ಮರಿಯಪ್ಪನವರೂ ಬಂದು ಸ್ಟೂಲಿನ ಮೇಲೆ ಕೂತರು. ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದ್ದೆವು. ಲೋಕೇಶ ಪಕ್ಕದಲ್ಲಿ ನಿಂತು ತಂತಿ ಬಿಗಿಯುವ ಬಿರಡೆಗಳನ್ನು ಒಂದೊಂದಾಗಿ ತಿರುವುತ್ತಿದ್ದ. ಹೊಸ ತಂತಿಗಳ ಉಳಿಕೆ ತುದಿಗಳನ್ನು ಇನ್ನೂ ಕತ್ತರಿಸಿರಲಿಲ್ಲ, ಬೆಕ್ಕಿನ ಮೀಸೆಯ ಹಾಗೆ ತಲೆಯ ಸುತ್ತ ನಿಗುರಿಕೊಂಡಿದ್ದವು. ಮರಿಯಪ್ಪನವರು ತಮ್ಮ ಜೀವಮಾನವೆಲ್ಲ ತೊಲೆ, ಗಳು, ನೇಗಿಲ ಈಸು ನೋಡಿದವರು. ಸುಮ್ಮನೆ ಕೂರಲಾದೀತೆ? ಎದ್ದು ಬಂದರು. "ಸೊಟ್ಟ ಐತಾ ನೋಡನ ತಡಿ" ಎಂದು ಬಗ್ಗಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಗಿಟಾರಿನ ತಲೆಗೇ ಇಟ್ಟರು.

ಇದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ನನಗೇ ತಿಳಿಯದು. ಅಡಿಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಮಗುವಿಗೆ ಜಡೆ ಹಾಕುವಾಗ ಅದು ಎದುರಿಗೆ ಬರುತ್ತದೆ. ಲೋಕೇಶನ ಬೆರಳು ಕೊನೆಯ ಬಿರಡೆಯ ಮೇಲಿದೆ. ಮಾವ ಎದೆಯುಬ್ಬಿಸಿ ನಿಂತಿದ್ದಾರೆ. ನಾನು ಕತ್ತಿನ ಬುಡದ ಹತ್ತಿರ ಇದ್ದೇನೆ. ಕತ್ತು ಮೈಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಅಲ್ಲಿ ಬೆಳಕು ಇರಬಾರದು. ಬಿರಡೆ ಇನ್ನೊಂದು ಚೂರು ತಿರುಗುತ್ತದೆ, ಬೆಳಕು ಉಗುರಿನಷ್ಟು ಅಗಲವಾಗುತ್ತದೆ. ಒಳಗಿನಿಂದ ಕಾಯಿ ಸಿಪ್ಪೆ ಸುಲಿದಂಥ ಸದ್ದು.

"ಬಿಡಿ", "ಏಳಿ", "ಕಣ್ಣು", ಯಾವ ಮಾತನ್ನಾದರೂ ಕೂಗಬಹುದಿತ್ತು. ನನ್ನ ಬಾಯಿಂದ ಬಂದದ್ದು "ಕಾಯಿ!"

ಮರಿಯಪ್ಪನವರು ಯಾಕೆ ಏನು ಎಂದು ಕೇಳಲಿಲ್ಲ. ತಲೆ ತಗ್ಗಿಸಿ ಪಕ್ಕಕ್ಕೆ ಎಗರಿದರು. ಅದೇ ಗಳಿಗೆಗೆ ನಾಲ್ಕು ಸ್ಕ್ರೂಗಳೂ ಬುಡದಿಂದ ಕಿತ್ತುಬಂದವು. ಕತ್ತು ಮೇಲಕ್ಕೆ ನೆಗೆಯಿತು. ಅವರ ಕಣ್ಣಿದ್ದ ಜಾಗದಲ್ಲಿ ಬಿರಡೆಗಳೂ ಆ ತಂತಿಯ ಮೀಸೆಗಳೂ ಹಾದುಹೋದವು. ಒಂದು ತಂತಿಯ ತುದಿ ಅವರ ಹುಬ್ಬನ್ನು ಉದ್ದಕ್ಕೆ ಗೀರಿತು. ರೆಪ್ಪೆಗೂ ಆ ಗೀರಿಗೂ ನಡುವೆ ಇದ್ದ ಜಾಗ ಎಷ್ಟೆಂದು ನಾನು ಬರೆಯಲಾರೆ.

ಮರಿಯಪ್ಪನವರು ಗೋಡೆಗೆ ಒರಗಿ ಕೂತಿದ್ದರು. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಮೇಲೆ ನೋಡಿ, ಅಂಗಡಿಯ ಹೆಂಚು ನೋಡಿ, "ಎಲ್ಲವ್ವ ಕಾಯಿ?" ಎಂದರು.

ಡಾಕ್ಟರು ಹೊಲಿಗೆ ಹಾಕಿ, ಕಣ್ಣಿಗೆ ಏನೂ ಆಗಿಲ್ಲ ಎಂದಾಗ ಎಲ್ಲರಿಗಿಂತ ಮೊದಲು ಅತ್ತವರು ಮಾವ. ಆಮೇಲೆ ಕೆಲವು ದಿನ ಗಿರಾಕಿಗಳು ಏನು ಕೇಳಿದರೂ ಅವರು "ಕಮಲೀನ ಕೇಳಿ" ಎನ್ನುತ್ತಿದ್ದರು.

ಆದರೆ ಕಣ್ಣು ಉಳಿದರೂ ಲೋಕೇಶನ ಗಿಟಾರ್ ಉಳಿಯಲಿಲ್ಲ. ಅವನು ಸೊರಗಿದ ಮುಖ ಹೊತ್ತು ಅಂಗಡಿಗೆ ಬಂದ. "ಅಪ್ಪಂದು ಒಂದೇ ಮಾತು ಕಣಕ್ಕ. ಮರನೇ ಬ್ಯಾಡ ಅಂತು, ಇನ್ನು ಗಿಟಾರ್ ಸುದ್ದಿ ಬುಡು ಅಂತವ್ರೆ. ಅರಸೀಕೆರೆಯವ್ನು ಆಗ್ಲೇ ಆರ್ಕೆಸ್ಟ್ರಾದವ್ರ ಮನೆಗೆ ಹೋಗಿ ಬಂದವ್ನಂತೆ." ತಂತಿ ಮೀಟಲೆಂದು ಬೆಳೆಸಿದ್ದ ಉಗುರು ಕತ್ತರಿಸಿಬಿಟ್ಟಿದ್ದ.

ಬಾಷಾ ಸಾಹೇಬರೂ ನಾನೂ ಕಿತ್ತುಬಂದ ಕತ್ತನ್ನು ಚೀಲದಲ್ಲಿ ಇಟ್ಟುಕೊಂಡು ಅವನ ಜೊತೆಗೇ ಬಸ್ಸು ಹತ್ತಿದೆವು. ಮರಿಯಪ್ಪನವರು ಹುಬ್ಬಿಗೆ ಪಟ್ಟಿ ಹಾಕಿಕೊಂಡು ನಡುಮನೆಯಲ್ಲಿ ಕೂತಿದ್ದರು. ತಲೆಯ ಮೇಲೆ ಆ ಪ್ರಸಿದ್ಧ ತೊಲೆ.

"ಕೋಪ ಮಾಡ್ಕಬೇಡಿ ಯಜಮಾನ್ರೇ" ಬಾಷಾ ಸಾಹೇಬರು ಶುರುಮಾಡಿದರು. "ಈ ತೊಲೆ ನಿಮ್ ತಾತನ ಕಾಲದ್ದು. ಕಡಿಯೋವಾಗ್ಲೇ ಮುದುಕ ಮರ. ಇದು ಹುಡ್ಗು ಮರ. ನೋಡಿ, ಹೊರಗೆ ಗಟ್ಟಿ, ಒಳಗೆ ಬರೀ ಬೆಂಡು."

ಮರಿಯಪ್ಪನವರು ಕತ್ತಿನ ಬುಡವನ್ನು ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಒತ್ತಿದರು, ಪುಡಿ ಉದುರಿತು. ಮಗನ ಕಡೆ ತಿರುಗಿ, "ನಿನ್ನ ಮರ ಅಂದ್ಮೇಲೆ ಸರಿಯಾಗೇ ಐತೆ ಬುಡ್ಲಾ" ಎಂದರು.

"ಮ್ಯಾಲಿಂದ ಭಾರ ಹೊರೋದು ಬೇರೆ ಅಣ್ಣ" ನಾನು ಹೇಳಿದೆ. "ಇಲ್ಲಿ ತಂತಿಗಳು ಹಗ್ಗ ಜಗ್ಗಿದಂಗೆ ಒಂದೇ ಕಡೆಗೆ ಎಳೀತವೆ. ಸ್ಕ್ರೂಗೆ ಕಚ್ಚಿ ಹಿಡಿಯೋ ಮರ ಬೇಕು. ನಮ್ಮ ಹತ್ರ ಬೇರೆ ಕತ್ತು ಐತೆ."

"ಬ್ಯಾರೆ ಕತ್ತು ಯಾಕೆ? ಅವನ ಮರ ಅದ್ರಲ್ಲಿ ಇರ್ಬೇಕು ಅಂದಿದ್ದೆ. ಇಲ್ದಿದ್ರೆ ಬ್ಯಾಡ. ನನ್ ಮಾತು ನಾನೇ ಮುರಿಯಾಕಾಯ್ತದಾ?"

ಅಟ್ಟದಲ್ಲಿ ಕಾಯಿಗಳ ನಡುವೆ ಇಲಿ ಓಡಿದ ಸದ್ದಾಯಿತು. ಲೋಕೇಶ ತಲೆಯೆತ್ತಿ ನೋಡಿದ. "ಅಪ್ಪಾ, ಆ ಮರದ ಕೊನೇ ಕಾಯಿ ಅವ್ವ ಬ್ಯಾರೆ ಮಡಗವ್ಳಲ್ಲ, ಕೊಬ್ರಿ ಆಗ್ಲಿ ಅಂತ..."

ಬಾಷಾ ಸಾಹೇಬರ ಮುಖ ಅರಳಿತು. ನನಗೂ ಹೊಳೆಯಿತು. ಗಿಟಾರಿನ ಕತ್ತಿನ ಮೇಲೆ ಬೆರಳಿಗೆ ಗುರುತಾಗಲಿ ಎಂದು ಅಲ್ಲಲ್ಲಿ ದುಂಡು ಬೊಟ್ಟುಗಳನ್ನು ಕೂರಿಸುತ್ತಾರೆ. ಆ ಬೊಟ್ಟುಗಳನ್ನು ಇವನ ಮರದ ಕರಟದಲ್ಲಿ ಮಾಡಬಹುದಿತ್ತು. ಇಬ್ಬರೂ ಒಟ್ಟಿಗೆ ಹೇಳಿದ್ದರಿಂದ ಮರಿಯಪ್ಪನವರಿಗೆ ಮೊದಲ ಸಲ ಏನೂ ತಿಳಿಯಲಿಲ್ಲ. ಎರಡನೆಯ ಸಲ ತಿಳಿಯಿತು. ಬಹಳ ಹೊತ್ತು ಪಟ್ಟಿ ಕೆರೆದುಕೊಂಡರು.

"ಆಗ್ಲಿ. ಆದ್ರೆ ಈ ಸಲ ಮೊದ್ಲು ಕಣ್ಣಿಡೋನು ನಾನಲ್ಲ. ನಿಮ್ಮಲ್ಲೇ ಯಾರಾದ್ರೂ ಇಡ್ಬೇಕು. ಅದು ನಿಂತ್ರೆ ಇವ್ನು ಬಾರಿಸ್ಕಳ್ಳಿ. ಎದ್ರೆ ಇವ್ನು ನಾಳೆಯಿಂದ ತೋಟಕ್ಕೆ."

ಕತ್ತು ಆರಿಸುವುದೆಂದರೆ ಏನೆಂದು ನಿಜವಾಗಿ ಕಲಿತದ್ದು ಆ ವಾರ. ಇದ್ದ ಹಳೆಯ ಕತ್ತುಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡೆವು. ಕೆಲವು ಸೊಟ್ಟ, ಕೆಲವಕ್ಕೆ ಬುಡದ ಹಳೆ ತೂತು ಹಿಗ್ಗಿತ್ತು, ಒಂದು ಬಲು ಚೆಂದ, ಆದರೆ ಅಳತೆ ಗಿಡ್ಡ. ಮಾವ ಅದನ್ನೇ ಎತ್ತಿಕೊಂಡು ಆಸೆಯಿಂದ ನೋಡಿದರು. ನಾನು ಕಿತ್ತು ಕೆಳಗಿಟ್ಟೆ. ಕೊನೆಗೆ ಉಳಿದದ್ದು ನೋಟಕ್ಕೆ ಮಂಕಾದ, ಒಳಗೆ ಕಬ್ಬಿಣದ ಸರಳಿದ್ದ ಒಂದು ಗಟ್ಟಿ ಕತ್ತು. ಬಾಷಾ ಸಾಹೇಬರು ಕರಟವನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಉಜ್ಜಿ, ಕಾಡಿಗೆಯಂತೆ ಹೊಳೆಯಿಸಿ ಕೂರಿಸಿದರು. ನೇರ ಕೂರಲೆಂದು ಮಧ್ಯಕ್ಕೆ ದಾರ ಹಿಡಿದು ಕತ್ತನ್ನು ಗುಳಿಗಿಳಿಸಿ ಸ್ಕ್ರೂ ಬಿಗಿದೆವು. ಬೆಳಕು ಹಾಯುತ್ತದೆಯೇ ಎಂದು ನಾನು ಬುಡದ ಸುತ್ತ ಬ್ಯಾಟರಿ ಬಿಟ್ಟು ನೋಡಿದೆ. ಮತ್ತೆ ನೋಡಿದೆ. ಬಾಷಾ ಸಾಹೇಬರು ಬ್ಯಾಟರಿ ಕಿತ್ತುಕೊಂಡರು.

ಪರೀಕ್ಷೆಯ ದಿನ ಮರಿಯಪ್ಪನವರು ಅದೇ ಸ್ಟೂಲಿನ ಮೇಲೆ ಬಂದು ಕೂತರು. ಲೋಕೇಶ ಬಿರಡೆ ಹಿಡಿದು ನಿಂತ. ಕಣ್ಣಿಡುವವರು ಯಾರು ಎಂಬ ಪ್ರಶ್ನೆ ಬರುವ ಹೊತ್ತಿಗೆ ಮಾವನಿಗೆ ಪೋಸ್ಟಾಫೀಸಿನಲ್ಲಿ ತುರ್ತು ಕೆಲಸ ನೆನಪಾಯಿತು. ಅಂದು ಭಾನುವಾರ. ಬಾಷಾ ಸಾಹೇಬರು ಒಂದೇ ಕಣ್ಣು ಮುಚ್ಚಲು ತಮಗೆ ಬಾರದು ಎಂದರು. ನಲವತ್ತು ವರ್ಷ ಹಲಗೆಯ ನೇರ ನೋಡಿದ ಬಡಗಿ ಹೇಳಿದ ಮಾತು ಅದು.

ನಾನು ಮಾವನ ಸ್ಕೂಟರ್ ಕನ್ನಡಕ ಏರಿಸಿಕೊಂಡು ಬಂದೆ.

"ಅದೇನವ್ವ ಅದು, ಸಿನಿಮಾದಾಗೆ ವಿಮಾನ ಓಡ್ಸೋನಂಗೆ?" ಮರಿಯಪ್ಪನವರು ಕೇಳಿದರು. "ತೆಗಿ. ನಾನೇನು ಕನ್ನಡಕ ಹಾಕ್ಕಂಡಿದ್ನಾ?"

ಕನ್ನಡಕ ತೆಗೆದೆ. ಮೀಸೆಯಂತೆ ನಿಂತಿದ್ದ ತಂತಿಯ ತುದಿಗಳನ್ನು ಮಾತ್ರ ಮೊದಲು ಕತ್ತರಿಸಿ ಎಸೆದೆ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ನೀವೂ ಹಾಗೇ ಮಾಡಿ. ಆಮೇಲೆ ಬಗ್ಗಿ, ಎಡಗಣ್ಣು ಮುಚ್ಚಿ, ಬಲಗಣ್ಣು ಇಟ್ಟೆ. ಲೋಕೇಶ ಬಿಗಿಯತೊಡಗಿದ. ತಂತಿ ಒಂದೊಂದಾಗಿ ಸ್ವರಕ್ಕೆ ಏರುತ್ತಿತ್ತು. ಕರಟದ ಬೊಟ್ಟುಗಳು ಸಾಲಾಗಿ ದೂರಕ್ಕೆ ಹೋಗುವುದು ಕಾಣುತ್ತಿತ್ತು, ಅದರಾಚೆ ಕತ್ತಿನ ಬುಡ. ಕೊನೆಯ ಬಿರಡೆ. ಇನ್ನೊಂದು ಚೂರು.

"ಕಾಯಿ!"

ನಾನು ಎತ್ತ ಹಾರಿದೆನೋ ತಿಳಿಯದು. ಗೊತ್ತಾಗುವ ಹೊತ್ತಿಗೆ ಹಾರ್ಮೋನಿಯಂಗಳ ನಡುವೆ ಕೂತಿದ್ದೆ, ಬಾಷಾ ಸಾಹೇಬರು ಮೇಜಿನ ಕೆಳಗಿದ್ದರು. ಬಾಗಿಲ ಹೊರಗೆ ಇಣುಕುತ್ತಿದ್ದ ಮಾವ ನಿಜವಾಗಿಯೂ ಪೋಸ್ಟಾಫೀಸಿನ ದಿಕ್ಕಿಗೆ ಓಡುತ್ತಿದ್ದರು. ಗಿಟಾರ್ ಮೇಜಿನ ಮೇಲೆ ಒಂದಿಷ್ಟೂ ಅಲುಗದೆ ಮಲಗಿತ್ತು. ಸ್ಟೂಲಿನ ಮೇಲೆ, ಹಾಗೆ ಕೂಗಿದ್ದ ಮರಿಯಪ್ಪನವರು ಹೊಲಿಗೆ ನೋಯುತ್ತದೆಂದು ಹುಬ್ಬು ಹಿಡಿದುಕೊಂಡು ನಗುತ್ತಿದ್ದರು.

"ಈಗ ಸರಿಹೋಯ್ತು ಕಣವ್ವ" ಎಂದರು, ಕಣ್ಣೊರೆಸಿಕೊಳ್ಳುತ್ತ. "ಅವತ್ತು ನಾನೂ ಇಂಗೇ ಎಗರಿದ್ನಾ?"

"ಇದಕ್ಕಿಂತ ಚೆನ್ನಾಗಿ" ಎಂದೆ. ನನಗೆ ಏದುಸಿರು.

ಆಮೇಲೆ ಅವರು ತಾವೇ ಎದ್ದು ಬಂದರು. ಯಾರೂ ಬೇಡ ಎನ್ನುವ ಮೊದಲೇ ಬಗ್ಗಿ, ಹುಬ್ಬಿಗೆ ಪಟ್ಟಿ ಇದ್ದ ಅದೇ ಕಣ್ಣನ್ನು ಗಿಟಾರಿನ ತಲೆಗೆ ಇಟ್ಟರು. ನನ್ನ ಕೈ ನನಗೆ ಅರಿವಿಲ್ಲದೆ ಅವರ ಮುಖಕ್ಕೂ ಬಿರಡೆಗೂ ನಡುವೆ ಹೋಗಿ ನಿಂತಿತು. ಅವರು ಅದನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು. ಕರಟದ ಬೊಟ್ಟುಗಳನ್ನು ಒಂದೊಂದಾಗಿ ದಾಟಿಕೊಂಡು ನೋಡುತ್ತ ಬಹಳ ಹೊತ್ತು ಹಾಗೇ ಇದ್ದರು.

"ಸೊಟ್ಟ ಇಲ್ಲ" ಎಂದರು. ಮತ್ತೆ ಸ್ಟೂಲಿಗೆ ಹೋಗಿ ಕೂತು, ಟವೆಲನ್ನು ತೊಡೆಯ ಮೇಲೆ ಹಾಕಿಕೊಂಡು, "ಅದೇನ್ ಬಾರಿಸ್ತೀಯೋ ಬಾರ್ಸ್ಲಾ, ಕೇಳನ" ಎಂದರು.

ಲೋಕೇಶ ಶುರುಮಾಡಿದ. ಉಗುರು ಕತ್ತರಿಸಿದ್ದರಿಂದ ಮೊದಲು ಒಂದೆರಡು ಸ್ವರ ತಪ್ಪಿತು, ಆಮೇಲೆ ಹಿಡಿಯಿತು. ಎದುರು ಮಂಡಿಯ ಹಮಾಲರು ಬಾಗಿಲಿಗೆ ಬಂದರು, ಅವರ ಹಿಂದಿನಿಂದ ಮಾವನ ತಲೆಯೂ ಇಣುಕಿತು. ಮರಿಯಪ್ಪನವರು ಈ ಸಲ ಎರಡೂ ಕಣ್ಣು ಮುಚ್ಚಿಕೊಂಡಿದ್ದರು.